ಹೇಳಬೇಕಾದ ಮಾತನ್ನು ಹೇಳಬೇಕಾದವರಿಗೇ ಹೇಳಿ: ಮನೆಯ ಜಗಳ ನಿಭಾಯಿಸಲು ಕೊಡಗಿನಿಂದ ಒಂದು ಮಾರ್ಗದರ್ಶಿ

ಕಕ್ಕಡ ತಿಂಗಳು ಬಂತೆಂದರೆ ನನಗೆ ಬರುವ ಫೋನ್ ಜಾಸ್ತಿಯಾಗುತ್ತದೆ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಕೊಡಗಿನ ಮಳೆ ಹೇಗಿರುತ್ತದೆ ಅಂತ ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಕರೆಂಟ್ ಹೋದರೆ ಯಾವಾಗ ಬರುತ್ತದೋ ಗೊತ್ತಿಲ್ಲ. ತೋಟಕ್ಕೆ ಇಳಿಯಲು ಆಗುವುದಿಲ್ಲ, ಪೇಟೆಗೆ ಹೋಗಲು ಮನಸ್ಸಾಗುವುದಿಲ್ಲ. ಅತ್ತೆ, ಸೊಸೆ, ಗಂಡ, ಮಕ್ಕಳು ಎಲ್ಲರೂ ಒಂದೇ ಒಲೆಯ ಸುತ್ತ. ವರ್ಷವಿಡೀ ನುಂಗಿಕೊಂಡ ಮಾತು ಆಗ ಹೊರಗೆ ಬೀಳುತ್ತದೆ.

ನಾನು ಕೌನ್ಸೆಲರ್. ದಂಪತಿಗಳು, ಅಣ್ಣ ತಮ್ಮಂದಿರು, ತಾಯಿ ಮಗಳು, ಎಲ್ಲರ ಜೊತೆ ಕೂತಿದ್ದೇನೆ. ಹೆಚ್ಚಿನ ಮನೆಗಳಲ್ಲಿ ನಾನು ಕಂಡದ್ದು ಒಂದೇ. ಮಾತು ಬೇಕಾದಷ್ಟು ಇರುತ್ತದೆ, ಆದರೆ ಸೇರಬೇಕಾದವರಿಗೆ ಸೇರಿರುವುದಿಲ್ಲ. ಹೆಂಡತಿಯ ಬೇಜಾರು ಅವಳ ತವರಿಗೆ ಗೊತ್ತು, ಅಕ್ಕನಿಗೆ ಗೊತ್ತು, ಪಕ್ಕದ ತೋಟದವರಿಗೂ ಗೊತ್ತು. ಗಂಡನಿಗೆ ಮಾತ್ರ ಗೊತ್ತಿಲ್ಲ. ಆ ಮಾತನ್ನು ಸರಿಯಾದ ಕಿವಿಗೆ ತಲುಪಿಸುವುದು ಹೇಗೆ ಅಂತ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಉದಾಹರಣೆಗಳು ಯಾವ ಒಂದು ಮನೆಯವೂ ಅಲ್ಲ, ಹಲವು ಮನೆಗಳಲ್ಲಿ ಕಂಡದ್ದನ್ನು ಸೇರಿಸಿದ್ದು.

ಎಲ್ಲಕ್ಕಿಂತ ಮೊದಲು: ಮನೆಯಲ್ಲಿ ಭಯ ಇದೆಯಾ?

ಹೊಡೆತ, ಬೆದರಿಕೆ ಇರುವ ಮನೆಗೆ ಈ ಕೆಳಗಿನ ಹೆಜ್ಜೆಗಳು ಅಲ್ಲ. ಹೊಡೆಯುವವರ ಮುಂದೆ ಕೂತು ಮನಸ್ಸು ಬಿಚ್ಚಿ ಮಾತಾಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಅಲ್ಲಿ ಮೊದಲ ಕೆಲಸ ಸುರಕ್ಷಿತವಾಗಿರುವುದು. ತುರ್ತಿಗೆ 112, ಮಹಿಳಾ ಸಹಾಯವಾಣಿ 181. ಮಕ್ಕಳ ವಿಷಯವಾದರೆ 1098. ಕೌಟುಂಬಿಕ ಹಿಂಸೆ ತಡೆಯುವ 2005ರ ಕಾನೂನು ಮೈಮೇಲಿನ ಹೊಡೆತಕ್ಕೆ ಮಾತ್ರ ಅಲ್ಲ. ಬೈಗುಳ, ಅವಮಾನ, ಖರ್ಚಿಗೆ ದುಡ್ಡು ಕೊಡದೆ ಸತಾಯಿಸುವುದು, ಎಲ್ಲವೂ ಅದರಲ್ಲಿ ಬರುತ್ತವೆ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. 15100ಕ್ಕೆ ಫೋನ್ ಮಾಡಿ ಕೇಳಿ.

ಕೊಡಗಿನವರಿಗೆ ಇನ್ನೊಂದು ಮಾತು ಹೇಳಲೇಬೇಕು. ನಮ್ಮಲ್ಲಿ ಬಹಳ ಮನೆಗಳಲ್ಲಿ ಕೋವಿ ಇದೆ. ಕೈಲ್‌ಪೊಳ್ದ್ ದಿನ ಅದಕ್ಕೆ ಹೂವಿಟ್ಟು ಪೂಜೆ ಮಾಡುತ್ತೇವೆ, ಅದು ನಮಗೆ ಗೌರವದ ವಸ್ತು. ಹಾಗಿದ್ದೂ ಮನೆಯಲ್ಲಿ ಯಾರಾದರೂ ಕುಡಿದು ಕೂಗಾಡುತ್ತಿದ್ದರೆ, ಅಥವಾ ‘ಬದುಕಿ ಏನು ಪ್ರಯೋಜನ’ ಅನ್ನುತ್ತಿದ್ದರೆ, ಕೋವಿ ಆ ಮನೆಯಲ್ಲಿ ಇರಬಾರದು. ಸ್ವಲ್ಪ ದಿನ ಅದನ್ನು ಇರಿಸಿಕೊಳ್ಳಲು ಪೊಲೀಸ್ ಠಾಣೆಯಲ್ಲಿ ಕೇಳಿ. ಅದು ಆಗುವವರೆಗೆ ಕೋವಿ ಒಂದು ಬೀಗದಲ್ಲಿ, ಗುಂಡಿನ ತೋಟಾ ಇನ್ನೊಂದು ಬೀಗದಲ್ಲಿ ಇರಲಿ. ಕೀಲಿ ಆ ವ್ಯಕ್ತಿಯ ಕೈಗೆ ಸಿಗದಿರಲಿ. ‘ಮನೆಯ ಮರ್ಯಾದೆ’ ಅಂತ ಹಿಂಜರಿಯಬೇಡಿ. ಸಿಟ್ಟಾಗಲಿ, ಸಾಯಬೇಕೆಂಬ ಯೋಚನೆಯಾಗಲಿ, ತುತ್ತತುದಿಯಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಆ ಸ್ವಲ್ಪ ಹೊತ್ತಲ್ಲಿ ಕೈಗೆ ಏನು ಸಿಗುತ್ತದೆ ಅನ್ನುವುದೇ ಮುಖ್ಯ.

ಹೆಜ್ಜೆ 1: ದೂರನ್ನು ಒಂದು ಸಾಲಲ್ಲಿ ಬರೆಯಿರಿ

ಒಂದು ಕಾಗದ ತೆಗೆದುಕೊಳ್ಳಿ. ಏನು ನಡೆಯಿತು, ನನಗೆ ಏನನ್ನಿಸಿತು, ನನಗೆ ಏನು ಬೇಕು, ಇಷ್ಟನ್ನು ಬರೆಯಿರಿ. ಕೊನೆಯದೇ ಕಷ್ಟ.

ಗೋಣಿಕೊಪ್ಪ ಕಡೆಯ ಒಬ್ಬ ಹೆಂಗಸು ಮೊದಲು ಬರೆದದ್ದು: ‘ಅವರಿಗೆ ನನ್ನ ಮೇಲೆ ಪ್ರೀತಿ ಇಲ್ಲ.’ ಯಾವ ದಿನ ಹಾಗನ್ನಿಸಿತು ಅಂತ ಕೇಳಿದೆ. ಫೆಬ್ರವರಿ ಕೊನೆಯಲ್ಲಂತೆ. ರೊಬಸ್ಟಾ ಕುಯ್ಲು ಇನ್ನೂ ಮುಗಿದಿಲ್ಲ, ಅತ್ತ ಹೂವಿಗೆ ಸ್ಪ್ರಿಂಕ್ಲರ್ ಹಾಕುವ ಕೆಲಸವೂ ಶುರುವಾಗಿದೆ. ಗಂಡ ಕಾಫಿ ತೂಕ ಮುಗಿಸಿ ಎಂಟು ಗಂಟೆಗೆ ಮನೆಗೆ ಬರುತ್ತಾರೆ. ಫೋನ್ ನೋಡುತ್ತಾ ಊಟ ಮಾಡಿ ಒಂಬತ್ತಕ್ಕೆ ಮಲಗುತ್ತಾರೆ. ಬೆಳಗಿನ ಜಾವ ಮೂರಕ್ಕೆ ಎದ್ದು ಪೈಪ್ ಬದಲಾಯಿಸಲು ಹೋಗಬೇಕಲ್ವಾ? ಅವರು ಮತ್ತೆ ಬರೆದರು, ಮತ್ತೆ ಹೊಡೆದು ಹಾಕಿದರು. ಮೂರನೇ ಸಲ ಬಂದ ಸಾಲು: ‘ರಾತ್ರಿ ಊಟದ ಹೊತ್ತಿಗೆ ಫೋನ್ ಪಕ್ಕಕ್ಕಿಟ್ಟು ನನ್ನ ಜೊತೆ ಹತ್ತು ನಿಮಿಷ ಮಾತಾಡಬೇಕು.’

ಮೊದಲನೆಯದಕ್ಕೆ ಯಾವ ಗಂಡನೂ ಉತ್ತರ ಕೊಡಲಾರ. ‘ಇದೆ’ ಅನ್ನಬಹುದು, ಅಷ್ಟೇ. ಮೂರನೆಯದನ್ನು ಇವತ್ತು ರಾತ್ರಿಯೇ ಮಾಡಬಹುದು.

ಬರೆಯುವಾಗ ಇನ್ನೊಂದು ಪ್ರಶ್ನೆ ಹಾಕಿಕೊಳ್ಳಿ. ಈ ಜಗಳ ಮುಗಿಯುವಂಥದ್ದಾ? ದಂಪತಿಗಳ ಜಗಳವನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಅವರ ಲೆಕ್ಕದಲ್ಲಿ, ಗಂಡ ಹೆಂಡತಿಯ ಭಿನ್ನಾಭಿಪ್ರಾಯಗಳಲ್ಲಿ ಶೇಕಡ 69ರಷ್ಟು ಎಂದೂ ಪೂರ್ತಿ ಬಗೆಹರಿಯುವುದಿಲ್ಲ. ಅವು ಸ್ವಭಾವದ ವ್ಯತ್ಯಾಸಗಳು. ಒಬ್ಬರಿಗೆ ದುಡ್ಡು ಕೂಡಿಡಬೇಕು, ಇನ್ನೊಬ್ಬರಿಗೆ ನೆಂಟರನ್ನು ಕರೆದು ಊಟ ಹಾಕಬೇಕು. ಇಂಥದ್ದರಲ್ಲಿ ಗೆಲ್ಲಲು ಹೋಗಬೇಡಿ. ತಿಂಗಳಿಗೆ ಎಷ್ಟು ಖರ್ಚು, ಎಷ್ಟು ಉಳಿತಾಯ ಅಂತ ಒಂದು ಗೆರೆ ಹಾಕಿಕೊಂಡು ಬದುಕುವುದನ್ನು ಕಲಿಯಿರಿ. ಈ ಸಂಖ್ಯೆ ಕೇಳಿ ಎಷ್ಟೋ ಜನ ನನ್ನೆದುರು ನಿಟ್ಟುಸಿರು ಬಿಟ್ಟಿದ್ದಾರೆ. ತಮ್ಮ ಮದುವೆ ಮಾತ್ರ ಹೀಗೆ ಅಂದುಕೊಂಡಿದ್ದರು, ಪಾಪ.

ಹೆಜ್ಜೆ 2: ಹೊತ್ತು ನೋಡಿ

ಬಟವಾಡೆ ದಿನ ಸಂಜೆ ಬೇಡ. ಕುಡಿದಿರುವಾಗ ಬೇಡ, ಹಸಿದಿರುವಾಗ ಬೇಡ. ವಾಟ್ಸಾಪ್‌ನಲ್ಲಂತೂ ಬೇಡವೇ ಬೇಡ. ‘ನಾಳೆ ಬೆಳಿಗ್ಗೆ ಕಾಫಿ ಕುಡಿಯುವಾಗ ಮಗಳ ಹಾಸ್ಟೆಲ್ ವಿಷಯ ಅರ್ಧ ಗಂಟೆ ಮಾತಾಡೋಣ’ ಅಂತ ಹಿಂದಿನ ದಿನವೇ ಹೇಳಿ. ವಿಷಯ ಏನು ಅಂತಲೂ ಹೇಳಿ. ಬರೀ ‘ನಿನ್ನ ಹತ್ರ ಸ್ವಲ್ಪ ಮಾತಾಡಬೇಕು’ ಅಂದರೆ ಕೇಳಿದವರಿಗೆ ರಾತ್ರಿಯೆಲ್ಲ ನಿದ್ದೆ ಬರುವುದಿಲ್ಲ. ಬೆಳಿಗ್ಗೆ ಅವರು ವಾದಕ್ಕೆ ತಯಾರಾಗಿಯೇ ಕೂತಿರುತ್ತಾರೆ.

ಹೆಜ್ಜೆ 3: ಮೊದಲ ಮೂರು ನಿಮಿಷ

ಮಾತು ಹೇಗೆ ಶುರುವಾಗುತ್ತದೋ ಹಾಗೇ ಮುಗಿಯುತ್ತದೆ. ಗಾಟ್‌ಮನ್ ಮತ್ತು ಅವರ ಜೊತೆಗಾರರು ಹೊಸ ದಂಪತಿಗಳ ಜಗಳವನ್ನು ವಿಡಿಯೋ ಮಾಡಿ ನೋಡಿದರು. ಮೊದಲ ಮೂರು ನಿಮಿಷದಲ್ಲೇ ಆ ಮದುವೆ ಎತ್ತ ಸಾಗುತ್ತಿದೆ ಅನ್ನುವ ಸುಳಿವು ಸಿಗುತ್ತಿತ್ತು.

‘ನಿಮಗೆ ಯಾವಾಗ್ಲೂ ನಿಮ್ಮ ತೋಟ, ನಿಮ್ಮ ಹಾಕಿ, ನಿಮ್ಮ ಫ್ರೆಂಡ್ಸ್. ಮನೆ ಅಂತ ಒಂದಿದೆ ಅಂತ ನೆನಪಿದೆಯಾ?’

ಇದಕ್ಕೆ ಬರುವ ಉತ್ತರ ನಿಮಗೂ ಗೊತ್ತು. ಈಗ ಇದನ್ನು ನೋಡಿ:

‘ಭಾನುವಾರ ಮ್ಯಾಚಿಗೆ ಹೋದವರು ಎಂಟು ಗಂಟೆಗೆ ಬಂದ್ರಿ. ಮಗುವಿಗೆ ಜ್ವರ ಇತ್ತು, ನಾನೊಬ್ಬಳೇ ಇದ್ದೆ, ಹೆದರಿಕೆಯಾಯ್ತು. ಇನ್ನು ಮುಂದೆ ಹೊತ್ತಾಗುತ್ತೆ ಅಂದ್ರೆ ಐದು ಗಂಟೆಯೊಳಗೆ ಒಂದು ಫೋನ್ ಮಾಡಿ.’

ಯಾವ ದಿನ, ಏನಾಯ್ತು, ನನಗೇನಾಯ್ತು, ಏನು ಬೇಕು. ಹೆಜ್ಜೆ 1ರಲ್ಲಿ ಬರೆದ ಸಾಲನ್ನೇ ಬಾಯಲ್ಲಿ ಹೇಳುವುದು. ‘ಯಾವಾಗ್ಲೂ’, ‘ಒಂದು ದಿನಾನೂ’ ಅನ್ನುವ ಪದಗಳನ್ನು ಬಿಟ್ಟುಬಿಡಿ. ಅವು ಬಂದ ಕೂಡಲೇ ಎದುರಿನವರು ನೀವು ಹೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ. ‘ಹೋದ ತಿಂಗಳು ಬೇಗ ಬಂದಿದ್ದೆನಲ್ಲ’ ಅಂತ ಲೆಕ್ಕ ಹುಡುಕುತ್ತಾರೆ.

ಮದುವೆಯನ್ನು ಒಳಗಿಂದ ತಿನ್ನುವ ನಾಲ್ಕು ಅಭ್ಯಾಸಗಳನ್ನು ಗಾಟ್‌ಮನ್ ಗುರುತಿಸುತ್ತಾರೆ. ತಪ್ಪಿನ ಬದಲು ಗುಣವನ್ನೇ ಹಳಿಯುವುದು, ತಾತ್ಸಾರ ಮಾಡುವುದು, ಏನು ಹೇಳಿದರೂ ಸಮರ್ಥನೆ ಕೊಡುವುದು, ಮಾತು ಬಿಟ್ಟು ಗೋಡೆಯ ಹಾಗೆ ಕೂರುವುದು. ಇವುಗಳಲ್ಲಿ ತಾತ್ಸಾರ ಎಲ್ಲಕ್ಕಿಂತ ಕೆಟ್ಟದ್ದು. ನಮ್ಮಲ್ಲಿ ಅದು ಬರುವ ದಾರಿ ಮನೆಹೆಸರು. ‘ನಿಮ್ಮ ಒಕ್ಕದವರೇ (ಮನೆತನದವರೇ) ಹಾಗೆ’, ‘ಆ ಮನೆಯವರಿಂದ ಇನ್ನೇನು ಬರುತ್ತೆ’ ಅಂದುಬಿಡುತ್ತೇವೆ. ಒಬ್ಬ ಮನುಷ್ಯನ ತಪ್ಪನ್ನು ಅವನ ಅಜ್ಜ ಮುತ್ತಜ್ಜನವರೆಗೆ ಎಳೆದರೆ ಅದು ಮರೆಯುವ ಮಾತಲ್ಲ. ಇಪ್ಪತ್ತು ವರ್ಷದ ಹಿಂದೆ ಆಡಿದ ಇಂಥ ಮಾತನ್ನು ತಾರೀಖು ಸಮೇತ ಹೇಳಿದವರನ್ನು ನೋಡಿದ್ದೇನೆ. ಜಗಳ ಎಷ್ಟೇ ಏರಲಿ, ಮನೆಹೆಸರು ಎತ್ತುವುದಿಲ್ಲ ಅಂತ ಇಬ್ಬರೂ ಕೂತು ಮಾತು ಕೊಟ್ಟುಕೊಳ್ಳಿ.

ಹೆಜ್ಜೆ 4: ತಲೆ ಬಿಸಿಯಾದರೆ ಇಪ್ಪತ್ತು ನಿಮಿಷ

ಎದೆ ಡವಡವ ಅನ್ನುತ್ತಿದ್ದರೆ, ಕಿವಿ ಬಿಸಿಯಾಗಿದ್ದರೆ, ಆ ಹೊತ್ತಲ್ಲಿ ಯಾವ ಒಳ್ಳೆಯ ಮಾತೂ ತಲೆಗೆ ಹೋಗುವುದಿಲ್ಲ. ದೇಹ ತಣ್ಣಗಾಗಲು ಕಡಿಮೆ ಅಂದರೂ ಇಪ್ಪತ್ತು ನಿಮಿಷ ಬೇಕು. ‘ನನಗೆ ಈಗ ಆಗ್ತಿಲ್ಲ, ಅರ್ಧ ಗಂಟೆ ಬಿಟ್ಟು ಬರ್ತೀನಿ’ ಅಂತ ಹೇಳಿ ಎದ್ದು ಹೋಗಿ. ‘ಬರ್ತೀನಿ’ ಅನ್ನುವುದನ್ನು ಮರೆಯಬೇಡಿ. ಮಳೆಗಾಲವಾದರೆ ಜಗಲಿಯಲ್ಲಿ ಕೂರಿ, ಅಥವಾ ಕೈಗೆ ಒಂದು ಕೆಲಸ ಹಚ್ಚಿಕೊಳ್ಳಿ. ಅಲ್ಲಿ ಕೂತು ‘ಅವನು ಹೀಗಂದರೆ ನಾನು ಹಾಗನ್ನುತ್ತೇನೆ’ ಅಂತ ಮನಸ್ಸಲ್ಲೇ ಜಗಳ ಮುಂದುವರಿಸಿದರೆ ಉಪಯೋಗವಿಲ್ಲ. ಹೇಳಿದ ಹೊತ್ತಿಗೆ ವಾಪಸ್ ಬನ್ನಿ. ನಾಲ್ಕು ದಿನ ಮಾತು ಬಿಡುವುದು ವಿರಾಮ ಅಲ್ಲ, ಅದು ಶಿಕ್ಷೆ.

ಹೆಜ್ಜೆ 5: ಮೂರನೆಯವರನ್ನು ನಡುವಿನಿಂದ ಬಿಡಿಸಿ

ನನ್ನ ಅನುಭವದಲ್ಲಿ ಮನೆ ಮನೆಯನ್ನೂ ಕಾಡುವುದು ಇದೇ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಇಬ್ಬರ ನಡುವೆ ಬಿಗಿ ಹೆಚ್ಚಾದಾಗ ಮನುಷ್ಯ ಮೂರನೆಯವರನ್ನು ಎಳೆದುಕೊಳ್ಳುತ್ತಾನೆ. ಅಮೆರಿಕದ ಮನೋವೈದ್ಯ ಮರ್ರೆ ಬೋವೆನ್ ಇದಕ್ಕೆ ತ್ರಿಕೋನ ಅಂತ ಹೆಸರಿಟ್ಟರು. ದೂರು ಹೇಳಿದವರಿಗೆ ಹಗುರವಾಗುತ್ತದೆ. ಭಾರವೆಲ್ಲ ಮೂರನೆಯವರ ತಲೆಗೆ. ಮೂಲ ಜಗಳ ಅಲ್ಲೇ ಇರುತ್ತದೆ.

ನಾಪೋಕ್ಲು ಕಡೆಯ ಒಂದು ಮನೆ ಅಂದುಕೊಳ್ಳಿ. ಸೊಸೆ ಮೈಸೂರಿನಲ್ಲಿ ಬೆಳೆದವಳು, ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುತ್ತಾಳೆ. ಅತ್ತೆಯನ್ನು ಮಾವಿ ಅಂತ ಕರೆಯುತ್ತಾಳೆ. ಮಾವಿಗೆ ಸೊಸೆಯ ಮೇಲೆ ಬೇಜಾರು. ಮಗ ಜೀಪ್ ತೊಳೆಯುವಾಗ ಹತ್ತಿರ ಬಂದು, ‘ನಿನ್ನ ಹೆಂಡತಿಗೆ ಒಂದು ರೊಟ್ಟಿ ತಟ್ಟೋಕೂ ಪುರುಸೊತ್ತಿಲ್ಲ’ ಅನ್ನುತ್ತಾರೆ. ರಾತ್ರಿ ಹೆಂಡತಿ, ‘ನಿಮ್ಮ ಅಮ್ಮ ಇವತ್ತು ನನ್ನ ಜೊತೆ ಒಂದು ಮಾತೂ ಆಡಲಿಲ್ಲ’ ಅನ್ನುತ್ತಾಳೆ. ಅವನು ಆ ಕಡೆಯದನ್ನು ಅರ್ಧ ಮುಚ್ಚಿ ಈ ಕಡೆ ಹೇಳುತ್ತಾನೆ, ಈ ಕಡೆಯದನ್ನು ಸ್ವಲ್ಪ ಸಿಹಿ ಮಾಡಿ ಆ ಕಡೆ ಹೇಳುತ್ತಾನೆ. ಇಬ್ಬರಿಗೂ ಅವನ ಮೇಲೆ ನಂಬಿಕೆ ಹೋಗುತ್ತದೆ. ಇಂಥ ಒಬ್ಬ ಗಂಡ ನನಗೆ ಹೇಳಿದ್ದು: ‘ಸಂಜೆ ಗೇಟಿನ ಹತ್ರ ಜೀಪ್ ನಿಲ್ಲಿಸಿ ಕಾಲು ಗಂಟೆ ಸುಮ್ನೆ ಕೂತ್ಕೋತೀನಿ. ಒಳಗೆ ಹೋಗೋಕೆ ಮನಸ್ಸು ಬರಲ್ಲ.’

ಅವನಿಗೆ ನಾನು ಕೊಟ್ಟದ್ದು ಒಂದೇ ಮಾತು, ಇಬ್ಬರಿಗೂ ಅದನ್ನೇ ಹೇಳಬೇಕು. ‘ಅಮ್ಮ, ನಿನಗೆ ಬೇಜಾರಾಗಿದೆ ಅಂತ ಗೊತ್ತಾಯ್ತು. ಅದನ್ನ ಅವಳಿಗೇ ಹೇಳು. ಬೇಕಾದ್ರೆ ನಾನೂ ಪಕ್ಕದಲ್ಲಿ ಕೂತಿರ್ತೀನಿ.’ ಪಕ್ಕದಲ್ಲಿ ಕೂರುವುದು, ಅಷ್ಟೇ. ‘ಅಮ್ಮ ಹೇಳ್ತಿರೋದು ಏನಂದ್ರೆ’ ಅಂತ ಬಾಯಿ ಹಾಕುವಂತಿಲ್ಲ. ಮೊದಲ ಎರಡು ಮೂರು ಸಲ ಎರಡೂ ಕಡೆಯವರಿಗೆ ಸಿಟ್ಟು ಬರುತ್ತದೆ. ‘ನಿನಗೆ ನನ್ನ ಮೇಲೆ ಪ್ರೀತಿಯೇ ಇಲ್ಲ’ ಅಂತಲೂ ಅನ್ನಬಹುದು. ತಡೆದುಕೊಳ್ಳಬೇಕು.

ಹಾಗೆ ಕೂತ ದಿನ ರೊಟ್ಟಿಯ ಮಾತು ಬರಲೇ ಇಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಮಾವಿ ಅಂದರು: ‘ಮೂವತ್ತು ವರ್ಷ ನಾನು ನಡೆಸಿದ ಅಡುಗೆ ಮನೆ. ಕಾಚಂಪುಳಿ ಬಾಟಲಿ ಎಲ್ಲಿದೆ ಅಂತ ಈಗ ನಾನು ನಿನ್ನ ಕೇಳಬೇಕು.’ ಸೊಸೆಗೆ ಇದು ಗೊತ್ತೇ ಇರಲಿಲ್ಲ. ಅಡುಗೆ ಮನೆ ಚೊಕ್ಕವಾಗಿದ್ದರೆ ಮಾವಿಗೆ ಖುಷಿಯಾಗುತ್ತದೆ ಅಂತ ಡಬ್ಬಗಳನ್ನೆಲ್ಲ ಹೊಸದಾಗಿ ಜೋಡಿಸಿದ್ದಳು. ಒಲೆಯ ಪಕ್ಕದ ಒಂದು ಅಟ್ಟಣಿಗೆ ಮಾವಿಯದ್ದು, ಅದನ್ನು ಯಾರೂ ಮುಟ್ಟುವುದಿಲ್ಲ ಅಂತಾಯಿತು. ಎಲ್ಲ ಜಗಳವೂ ಒಂದು ಅಟ್ಟಣಿಗೆಯಲ್ಲಿ ಮುಗಿಯುವುದಿಲ್ಲ, ನನಗೆ ಗೊತ್ತು. ಆದರೆ ಮಗನ ಮೂಲಕ ಹೋಗಿದ್ದರೆ ಈ ಮಾತು ಎಂದೂ ಹೊರಗೆ ಬರುತ್ತಿರಲಿಲ್ಲ.

ಇದಕ್ಕೊಂದು ವಿನಾಯಿತಿ ಇದೆ. ಗಂಡ ಹೆಂಡತಿ ಸೇರಿ ಮಾಡಿದ ತೀರ್ಮಾನವನ್ನು, ಅದು ಬೆಂಗಳೂರಿಗೆ ಹೋಗುವುದಿರಲಿ, ಮಗುವಿನ ಶಾಲೆ ಇರಲಿ, ಅವರವರ ತಂದೆ ತಾಯಿಗೆ ಅವರವರೇ ಹೇಳಬೇಕು. ಅದೂ ‘ನಾವು ಹೀಗೆ ಅಂದುಕೊಂಡಿದ್ದೀವಿ’ ಅಂತ. ‘ಅವಳಿಗೆ ಇಷ್ಟ ಇಲ್ಲ’ ಅಂದರೆ ಹೆಂಡತಿಯನ್ನು ಮುಂದೆ ತಳ್ಳಿದಂತೆ. ಅತ್ತೆ ಮಾವ ಸೊಸೆಯನ್ನು ನೋಯಿಸುತ್ತಿದ್ದರೆ ಅದನ್ನು ನಿಲ್ಲಿಸಿ ಅಂತ ಹೇಳಬೇಕಾದವನೂ ಮಗನೇ.

ಮಕ್ಕಳನ್ನು ಅಂಚೆಯವರನ್ನಾಗಿ ಮಾಡಬೇಡಿ. ‘ಅಪ್ಪನಿಗೆ ಊಟಕ್ಕೆ ಬರೋಕೆ ಹೇಳು’ ಅಂತ ಕಳಿಸಿದ ಆರು ವರ್ಷದ ಮಗುವಿಗೆ, ಇಬ್ಬರೂ ಯಾಕೆ ನೇರವಾಗಿ ಮಾತಾಡುತ್ತಿಲ್ಲ ಅಂತ ಚೆನ್ನಾಗಿ ಗೊತ್ತಿರುತ್ತದೆ.

ಹಾಗಾದರೆ ಹಿರಿಯರು ಬೇಡವೇ? ಬೇಕು. ಕೊಡವರ ಮದುವೆಯಲ್ಲಿ ಎರಡೂ ಕಡೆ ಒಬ್ಬೊಬ್ಬ ಅರುವ ನಿಂತು ಸಂಬಂಧಕ್ಕೆ ಮಾತು ಕೊಡುತ್ತಾರೆ. ಬೇರೆ ಸಮುದಾಯಗಳಲ್ಲೂ ಇಂಥ ಹಿರಿಯರು ಇರುತ್ತಾರೆ. ಈ ಏರ್ಪಾಡಿನಲ್ಲಿ ಬಹಳ ವಿವೇಕ ಇದೆ ಅಂತ ನನಗನ್ನಿಸುತ್ತದೆ. ಅರುವ ಕದ್ದು ಕೇಳುವ ಮೂರನೆಯವರಲ್ಲ. ಇಬ್ಬರಿಗೂ ಗೊತ್ತಿದ್ದು, ಇಬ್ಬರ ಎದುರೇ ಕೂರುವವರು. ನಿಮ್ಮ ನಡುವೆ ಯಾರನ್ನಾದರೂ ಕರೆಯುವುದಾದರೆ ಹಾಗೆ ಕರೆಯಿರಿ. ಇಬ್ಬರೂ ಒಪ್ಪಿದವರಾಗಿರಲಿ. ಒಬ್ಬರ ಬೆನ್ನ ಹಿಂದೆ ಇನ್ನೊಬ್ಬರ ಮಾತು ಕೇಳಿಸಿಕೊಳ್ಳದವರಾಗಿರಲಿ.

ಹೆಜ್ಜೆ 6: ದೂರ ಇರುವವರು

ಸೈನ್ಯದಲ್ಲಿರುವ ಗಂಡ, ಬೆಂಗಳೂರಲ್ಲಿ ಕೆಲಸ ಮಾಡುವ ಹೆಂಡತಿ, ಇದು ಇಲ್ಲಿ ಹೊಸದಲ್ಲ. ದಿನಕ್ಕೊಂದು ಹೊತ್ತು ಗೊತ್ತು ಮಾಡಿಕೊಂಡು ಫೋನ್ ಮಾಡಿ. ನೆಟ್‌ವರ್ಕ್ ಇಲ್ಲದ ದಿನ ಏನು ಅಂತ ಮೊದಲೇ ಮಾತಾಡಿಕೊಳ್ಳಿ. ಮಳೆಗಾಲದಲ್ಲಿ ಟವರ್ ಕೆಟ್ಟರೆ ಅದು ಯಾರ ತಪ್ಪೂ ಅಲ್ಲ ಅಲ್ವಾ? ರಜೆಗೆ ಬಂದವರ ಮೇಲೆ ಮೊದಲ ದಿನವೇ ದೂರಿನ ಮೂಟೆ ಇಳಿಸಬೇಡಿ. ಹಾಗಂತ ಹೊರಡುವ ಹಿಂದಿನ ರಾತ್ರಿಗೂ ಉಳಿಸಬೇಡಿ.

ಹೆಜ್ಜೆ 7: ತೋಟದ ಪಾಲು

ಕಾಫಿಗೆ ಬೆಲೆ ಬಂದ ಮೇಲೆ ಈ ವಿಷಯಕ್ಕೆ ಬರುವವರು ಜಾಸ್ತಿಯಾಗಿದ್ದಾರೆ. ಕಾನೂನಿನ ಭಾಗವನ್ನು ವಕೀಲರ ಹತ್ತಿರ ಕೇಳಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಕೊಟ್ಟಿದೆ. ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಲೇಬೇಕು ಅಂತಿಲ್ಲ ಎಂದು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ತಲೆಮಾರುಗಳಿಂದ ಬಂದ ಕೊಡಗಿನ ಜಮ್ಮಾ ಜಾಗಕ್ಕೂ ಒಕ್ಕದ ಆಸ್ತಿಗೂ ಅದರದ್ದೇ ಗಂಟುಗಳಿವೆ. ದಾಖಲೆ ನೋಡದೆ ಯಾರ ಮಾತಿನ ಮೇಲೂ ನಿಲ್ಲಬೇಡಿ.

ನನಗೆ ಸಂಬಂಧಿಸಿದ್ದು ಇನ್ನೊಂದು ಭಾಗ. ಊರಲ್ಲೇ ಉಳಿದು ತೋಟ ನೋಡಿಕೊಂಡ ತಮ್ಮನಿಗೆ ಎಕರೆ ಲೆಕ್ಕಕ್ಕಿಂತ ಮೊದಲು ಒಂದು ಮಾತು ಬೇಕಾಗಿರುತ್ತದೆ: ‘ಅಪ್ಪ ಮಲಗಿದ್ದಾಗ ನೋಡಿಕೊಂಡವನು ನೀನು. ನಾವು ಬಂದು ಹೋಗುವವರಾದೆವು.’ ಹೊರಗೆ ಹೋದ ಅಣ್ಣನಿಗೆ, ಅಕ್ಕನಿಗೆ ಬೇಕಾದದ್ದು, ‘ಈ ಮನೆ ನಿಮ್ಮದೂ ಹೌದು’ ಅನ್ನುವುದು. ಈ ಎರಡು ಮಾತು ಆಡದೆ ಸರ್ವೆಯವರನ್ನು ಕರೆಸಿದರೆ ಪ್ರತಿ ಮರಕ್ಕೂ ಜಗಳ. ಆದ್ದರಿಂದ ಒಂದು ದಿನ ಸಂಬಂಧದ ಮಾತಿಗೆ, ಇನ್ನೊಂದು ದಿನ ಲೆಕ್ಕದ ಮಾತಿಗೆ ಇಟ್ಟುಕೊಳ್ಳಿ. ಲೆಕ್ಕದ ದಿನ ಆಡಿದ್ದನ್ನೆಲ್ಲ ಬರೆದು ಎಲ್ಲರೂ ಸಹಿ ಹಾಕಿ. ಸುಗ್ಗಿ ಹಬ್ಬ ಪುತ್ತರಿಗೆ ಎಲ್ಲರೂ ಐನ್‌ಮನೆಗೆ, ಅಂದರೆ ಒಕ್ಕದ ಮೂಲ ಮನೆಗೆ, ಬರುತ್ತಾರೆ, ಅವತ್ತೇ ಮುಗಿಸೋಣ ಅನ್ನಿಸುತ್ತದೆ. ದಯವಿಟ್ಟು ಬೇಡ. ಹೊಸ ಭತ್ತದ ಕದಿರು ತೆಗೆಯುವ ರಾತ್ರಿ ಕದಿರಿಗೇ ಇರಲಿ.

ಹೆಜ್ಜೆ 8: ಕುಡಿತ

ಕುಡಿದವರ ಜೊತೆ ಕುಡಿತದ ಬಗ್ಗೆ ವಾದ ಬೇಡ. ಮರುದಿನ ಬೆಳಿಗ್ಗೆ, ನೀವು ಕಂಡದ್ದನ್ನು ಮಾತ್ರ ಹೇಳಿ: ‘ನಿನ್ನೆ ರಾತ್ರಿ ಮೆಟ್ಟಿಲಲ್ಲಿ ಬಿದ್ರಿ, ಮಗಳು ಹೆದರಿ ಅತ್ತಳು.’ ನಮ್ಮಲ್ಲಿ ಮದುವೆ, ಹಬ್ಬ ಅಂದರೆ ಗ್ಲಾಸು ಇದ್ದೇ ಇರುತ್ತದೆ. ಅದಕ್ಕೇ ‘ಎಲ್ಲರೂ ಕುಡೀತಾರೆ’ ಅನ್ನುವ ಉತ್ತರ ಸುಲಭವಾಗಿ ಬರುತ್ತದೆ.

ಒಂದು ಎಚ್ಚರಿಕೆ. ವರ್ಷಗಟ್ಟಲೆ ದಿನವೂ ಜೋರಾಗಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಕ, ಫಿಟ್ಸ್, ಬುದ್ಧಿ ಭ್ರಮೆ ಬರಬಹುದು. ಜೀವಕ್ಕೂ ಅಪಾಯ. ‘ಇವತ್ತಿಂದ ಬಿಡ್ತೀನಿ ಅಂತ ಆಣೆ ಮಾಡು’ ಅಂತ ಹಟ ಹಿಡಿಯುವ ಬದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಔಷಧಿ ಕೊಟ್ಟು ಸುರಕ್ಷಿತವಾಗಿ ಬಿಡಿಸುತ್ತಾರೆ. ದುಶ್ಚಟ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 14446. ಮನೆಯವರೂ ಫೋನ್ ಮಾಡಿ ಸಲಹೆ ಕೇಳಬಹುದು.

ಹೆಜ್ಜೆ 9: ಮಕ್ಕಳು ಬೇರೆ ಸಮುದಾಯದವರನ್ನು ಪ್ರೀತಿಸಿದರೆ

ತಂದೆ ತಾಯಿಗೆ: ಮೊದಲ ದಿನ ತೀರ್ಪು ಕೊಡಬೇಡಿ. ‘ನನಗೆ ಆಘಾತವಾಗಿದೆ, ಒಂದು ವಾರ ಕೊಡು’ ಅನ್ನಿ, ಅದು ನಿಜವೂ ಹೌದು. ನಮ್ಮದು ಸಣ್ಣ ಸಮುದಾಯ, ನಮ್ಮ ಆಚಾರ ನಿಂತುಹೋಗುತ್ತದೆ ಅನ್ನುವ ಭಯ ಇದ್ದರೆ ಭಯ ಅಂತಲೇ ಹೇಳಿ. ಅದನ್ನು ಆ ಹುಡುಗನ ಅಥವಾ ಹುಡುಗಿಯ ಮೇಲಿನ ತಾತ್ಸಾರವಾಗಿ ಹೇಳಬೇಡಿ.

ಮಕ್ಕಳಿಗೆ: ಬೇರೆಯವರ ಬಾಯಿಂದ ಅವರಿಗೆ ಗೊತ್ತಾಗುವ ಮುಂಚೆ ನೀವೇ ಹೇಳಿ. ಅವರು ಒಪ್ಪಲು ನಿಮಗೆ ಬೇಕಾದದ್ದಕ್ಕಿಂತ ಜಾಸ್ತಿ ದಿನ ಹಿಡಿಯುತ್ತದೆ. ಹುಡುಗಿಗೆ 18, ಹುಡುಗನಿಗೆ 21 ತುಂಬಿದ್ದರೆ ತೀರ್ಮಾನ ನಿಮ್ಮದು. ವಿಶೇಷ ವಿವಾಹ ಕಾಯ್ದೆಯಲ್ಲಿ 30 ದಿನದ ನೋಟಿಸ್ ಇರುತ್ತದೆ, ತಿಳಿದಿರಲಿ. ಮನೆಯಲ್ಲಿ ಬೆದರಿಕೆ ಇದ್ದರೆ ಈ ಲೇಖನದ ಮೊದಲ ಭಾಗಕ್ಕೆ ಹಿಂದಿರುಗಿ.

ಹೆಜ್ಜೆ 10: ನಿಮ್ಮಿಂದ ಆಗದಿದ್ದಾಗ

ಒಂದೇ ಜಗಳ ತಿಂಗಳುಗಟ್ಟಲೆ ತಿರುಗುತ್ತಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಹೊರಗಿನ ಸಹಾಯ ಪಡೆಯಿರಿ. ‘ಮಡಿಕೇರಿಯಲ್ಲಿ ಯಾರಾದ್ರೂ ನೋಡಿದ್ರೆ?’ ಅಂತ ಬಹಳ ಜನ ಕೇಳುತ್ತಾರೆ. ಚಿಕ್ಕ ಊರು, ಜೀಪ್ ನೋಡಿದರೆ ಯಾರದ್ದು ಅಂತ ಗೊತ್ತಾಗುತ್ತದೆ. ಆ ಅಂಜಿಕೆ ನನಗೆ ಅರ್ಥವಾಗುತ್ತದೆ. ಹಾಗಿದ್ದರೆ ಫೋನಿಂದ ಶುರು ಮಾಡಿ. ಟೆಲಿ ಮಾನಸ್, 14416. 2022ರ ಅಕ್ಟೋಬರ್ 10ರಂದು ಶುರುವಾದ ಸರಕಾರಿ ಸೇವೆ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಬರುತ್ತಿದ್ದರೆ ಈ ಸಾಲು ಓದಿದ ಕೂಡಲೇ ಫೋನ್ ಮಾಡಿ. ಎದುರೆದುರು ಕೂರಬೇಕಾದರೆ ಮಡಿಕೇರಿಯ ಜಿಲ್ಲಾ ಬೋಧಕ ಆಸ್ಪತ್ರೆಯ ಮನೋವೈದ್ಯ ವಿಭಾಗ ಇದೆ. ನೀವು ಹೇಳಿದ್ದನ್ನು ಗುಟ್ಟಾಗಿಡುವುದು 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಅವರ ಕರ್ತವ್ಯ. ಯಾರದ್ದಾದರೂ ಜೀವಕ್ಕೆ ಅಪಾಯ ಇದ್ದಾಗ, ಮತ್ತೆ ಕಾನೂನೇ ಹೇಳಿದ ಇನ್ನು ಕೆಲವು ಸಂದರ್ಭಗಳಲ್ಲಿ ಮಾತ್ರ ಬೇರೆ.

‘ನನ್ನ ಗಂಡ ಬರಲ್ಲ ಅಂತಾರೆ’ ಅನ್ನುವವರಿಗೆ: ನೀವೊಬ್ಬರೇ ಬನ್ನಿ. ಒಬ್ಬರು ಮಾತಾಡುವ ರೀತಿ ಬದಲಾದರೆ ಇನ್ನೊಬ್ಬರೂ ಮೊದಲಿನ ಉತ್ತರವನ್ನೇ ಕೊಡಲಾರರು. ಅವರನ್ನು ಕರೆಯುವಾಗ, ‘ನಿಮಗೆ ಕೌನ್ಸೆಲಿಂಗ್ ಬೇಕು’ ಅನ್ನಬೇಡಿ. ‘ನನಗೆ ಕಷ್ಟ ಆಗ್ತಿದೆ, ನೀವು ಜೊತೆಗಿದ್ರೆ ಒಳ್ಳೇದು’ ಅನ್ನಿ. ಮೊದಲ ದಿನ ಯಾರು ಸರಿ ಅಂತ ನಾವು ಹೇಳುವುದಿಲ್ಲ. ಏನು ನಡೆಯುತ್ತಿದೆ ಅಂತ ಕೇಳಿಸಿಕೊಳ್ಳುತ್ತೇವೆ, ಮುಂದೆ ಎಷ್ಟು ಸಲ ಕೂರಬೇಕು ಅಂತ ಒಟ್ಟಿಗೆ ಯೋಚಿಸುತ್ತೇವೆ. ಬರುವಾಗ ಹೆಜ್ಜೆ 1ರಲ್ಲಿ ಬರೆದ ಕಾಗದ ಇದ್ದರೆ ತನ್ನಿ. ಹೊಡೆದು ಹಾಕಿದ ಸಾಲುಗಳೂ ಇರಲಿ.